ತಲೆಕೆಳಗಾದ ನೂರು ಕಡ್ಡಿ

ನಮ್ಮ ಮನೆಯಲ್ಲಿ ನೀರು ಕುಡಿಯೋಕೆ ಲೋಟ ಬೇಕು ಅಂದರೆ ಮೊದಲು ಅದರೊಳಗಿನ ಕಡ್ಡಿ ತೆಗೆದಿಡಬೇಕು. ಕಿಟಕಿಯಲ್ಲಿ ಲೋಟ, ಸಿಂಕಿನ ಪಕ್ಕ ಬಾಟಲಿ, ಟಿವಿ ಪಕ್ಕ ಖಾಲಿ ಜಾಮ್ ಡಬ್ಬಿ. ಎಲ್ಲದರಲ್ಲೂ ನೀರು, ನೀರಿನಲ್ಲಿ ಒಂದೊಂದು ಕಡ್ಡಿ. ಒಂದು ಬೆಳಿಗ್ಗೆ ನನ್ನ ಗಂಡ ಕಣ್ಣು ಪೂರ್ತಿ ಬಿಡದೆ ಹಲ್ಲುಜ್ಜೋಕೆ ಹೋಗಿ, ಬ್ರಷ್ಷು ಅಂದುಕೊಂಡು ದಾಸವಾಳದ ಕಡ್ಡಿಗೆ ಪೇಸ್ಟು ಹಚ್ಚಿಬಿಟ್ಟರು. ಅದನ್ನು ಕೇಳಿ ಅವರ ಅಕ್ಕ ಏನಂದರು ಗೊತ್ತಾ? "ಬೇರು ಮುರೀಲಿಲ್ಲ ತಾನೇ?" ತಮ್ಮನ ಹಲ್ಲಿನ ಸುದ್ದಿಯನ್ನೇ ಎತ್ತಲಿಲ್ಲ.

ಆ ಅಕ್ಕನೇ ನಮ್ಮ ಅತ್ತಿಗೆ. ವಯಸ್ಸು ಐವತ್ತೆಂಟು. ಅಪ್ಪ ಅಮ್ಮ ಬೇಗ ಹೋದರು, ತಮ್ಮನನ್ನು ಸಾಕಿದ್ದು ಇವರೇ. ಮದುವೆ ಆಗಲಿಲ್ಲ. ಯಾಕೆ ಅಂತ ನಾನು ಮದುವೆಯಾಗಿ ಬಂದ ಹೊಸದರಲ್ಲಿ ಬಾಯಿ ತಡೀದೆ ಕೇಳಿದ್ದೆ. "ಪುರುಸೊತ್ತು ಆಗಲಿಲ್ಲ ಕಣೇ" ಅಂದರು, ಅಷ್ಟೇ. ನರ್ಸರಿಯಲ್ಲಿ ಮೂವತ್ನಾಲ್ಕು ವರ್ಷದಿಂದ ಒಂದೇ ಮೇಜು, ಒಂದೇ ಸ್ಟೂಲು, ಒಂದೇ ಕೆಲಸ. ದೊಡ್ಡ ಗಿಡದ ರೆಂಬೆ ತಂದು ಗೇಣುದ್ದ ತುಂಡು ಮಾಡಿ, ಆ ತುಂಡಿಗೆ ಬೇರು ಬರುವ ಹಾಗೆ ಮಾಡೋದು. ಅದಕ್ಕೇ ಅಲ್ಲಿ ಅವರ ಹೆಸರು ಬೇರಮ್ಮ. ನಾನು ಅದೇ ಶೆಡ್ಡಿನಲ್ಲಿ ಪಕ್ಕದ ಮೇಜಿನವಳು, ಹನ್ನೊಂದು ವರ್ಷ ಆಯ್ತು. ನನಗೂ ಒಂದು ಹೆಸರಿಟ್ಟಿದ್ದಾರೆ, ರೇಡಿಯೋ ಅಂತ. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಕಡ್ಡಿ ಚುಚ್ಚಿದರೆ ಗಿಡ ಆಗುತ್ತೆ, ಅದರಲ್ಲೇನು ಮಹಾ ಅಂತ ನಾನೂ ಅಂದುಕೊಂಡಿದ್ದೆ. ಕೆಲಸಕ್ಕೆ ಸೇರಿದ ಮೊದಲ ವಾರ ನಾನು ನೆಟ್ಟ ಕಡ್ಡಿ ಒಂದಾದರೂ ಬದುಕಿದ್ದರೆ ಕೇಳಿ. ದಿನಾ ಬೆಳಿಗ್ಗೆ ಬೇರು ಬಂತಾ ಅಂತ ಕಿತ್ತು ನೋಡೋದು, ಮತ್ತೆ ಚುಚ್ಚೋದು. ಅತ್ತಿಗೆ ನಾಲ್ಕು ದಿನ ನೋಡಿದರು. ಐದನೇ ದಿನ ನನ್ನ ಕೈ ಹಿಡಿದುಕೊಂಡರು. "ಗಾಯ ಮಾಯ್ತಾ ಅಂತ ದಿನಾ ಹಕ್ಕಳೆ ಕಿತ್ತು ನೋಡ್ತೀಯಾ? ಇದೂ ಗಾಯಾನೇ. ಕೊಯ್ದ ಜಾಗದಲ್ಲಿ ಮೊದಲು ಬೆಳ್ಳಗೆ ಗಂಟು ಕಟ್ಟಬೇಕು. ಆಮೇಲೆ ಬೇರು ಒಡೆಯುತ್ತೆ. ಇಷ್ಟು ದಿನ ಎಲೆ ಹೊತ್ತುಕೊಂಡಿದ್ದ ಕಡ್ಡಿ ಅದು. ನಾಳೆಯಿಂದ ಬೇರು ಬಿಡು ಅಂದರೆ ಅದಕ್ಕೂ ಸ್ವಲ್ಪ ದಿನ ಬೇಕಲ್ಲ" ಅಂದರು. ಆತುರಗಾರರಿಗೆ ಬುದ್ಧಿ ಮಟ್ಟ ಅಂತ ನಮ್ಮಮ್ಮ ನನ್ನನ್ನೇ ನೋಡಿ ಹೇಳುತ್ತಿದ್ದಳು. ಅವತ್ತು ಅದು ಅರ್ಥ ಆಯ್ತು. ಅರ್ಥ ಆಗೋದು ಬೇರೆ, ತಿದ್ದಿಕೊಳ್ಳೋದು ಬೇರೆ.

ಇನ್ನೊಂದು ವಿಷಯ ಹೇಳಲೇಬೇಕು, ಯಾಕೆಂದರೆ ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಕಡ್ಡಿಗೆ ತಲೆ ಯಾವುದು, ಕಾಲು ಯಾವುದು ಅಂತ ಗೊತ್ತಿರುತ್ತೆ. ಗಿಡದಲ್ಲಿದ್ದಾಗ ಬುಡದ ಕಡೆ ಇದ್ದ ತುದಿಯಲ್ಲೇ ಅದು ಬೇರು ಬಿಡೋದು, ನೀವು ಹೇಗೆ ನೆಟ್ಟರೂ ಸರಿ. ಆದರೆ ಎಲೆಯಿಲ್ಲದ ತುಂಡನ್ನು ನೋಡಿದ ತಕ್ಷಣ ತಲೆ ಕಾಲು ತಿಳಿಯೋದು ಕಷ್ಟ. ಅದಕ್ಕೆ ಕೊಯ್ಯುವವರು ಬುಡದ ತುದಿಯನ್ನು ಓರೆಯಾಗಿ ಕೊಯ್ಯಬೇಕು, ತಲೆಯ ತುದಿಯನ್ನು ನೇರವಾಗಿ. ಟ್ರೇ ತುಂಬುವಾಕೆ ಬೇರೇನೂ ನೋಡೋದಿಲ್ಲ, ಓರೆ ಇರುವ ಕಡೆಯನ್ನು ಮಣ್ಣಿಗೆ ಚುಚ್ಚುತ್ತಾಳೆ. ಕೊನೆಗೆ ಟ್ರೇ ಮೂಲೆಗೆ ಕೊಯ್ದವರ ಬಣ್ಣದ ಚುಕ್ಕೆ. ಅತ್ತಿಗೆಯದು ಕೆಂಪು, ನನ್ನದು ನೀಲಿ. ಅಲ್ಲಿಂದ ಟ್ರೇ ಪ್ಲಾಸ್ಟಿಕ್ ಗುಡಾರದೊಳಗೆ ಹೋದರೆ ನಾಲ್ಕು ವಾರ ಯಾರೂ ಮುಟ್ಟುವ ಹಾಗಿಲ್ಲ. ಒಳಗೆ ದಿನವಿಡೀ ಸಣ್ಣ ನಳಿಕೆಗಳಿಂದ ಹನಿ ಮಂಜು. ನಾಲ್ಕು ವಾರ ಆದಮೇಲೆ ಯಾರ ಕೈ ಹೇಗಿತ್ತು ಅಂತ ಹೇಳೋದು ಆ ಚುಕ್ಕೆ ಮಾತ್ರ.

ಹೋದ ವರ್ಷ ಅತ್ತಿಗೆಯ ಕಣ್ಣು ಕೈಕೊಡೋಕೆ ಶುರುವಾಯ್ತು. ಅನ್ನದಲ್ಲಿ ಕಲ್ಲು ಕಾಣಲಿಲ್ಲ, ಆಮೇಲೆ ಬಸ್ಸಿನ ನಂಬರು ಕಾಣಲಿಲ್ಲ. ಡಾಕ್ಟರು ನೋಡಿ, ಕಣ್ಣಿನ ನಡುಭಾಗ ಸವೆದಿದೆ, ಅಂಚಿನಲ್ಲಿ ಕಾಣುತ್ತೆ, ನೇರ ನೋಡಿದರೆ ಮಬ್ಬು, ಆಪರೇಷನ್ನಿಂದ ಸರಿಹೋಗುವಂಥದ್ದಲ್ಲ ಅಂದರು. ಹೊರಗೆ ಬಂದ ಮೇಲೆ ಅತ್ತಿಗೆ ನನ್ನ ತೋಳು ಹಿಡಿದುಕೊಂಡು, "ಶೆಡ್ಡಿನಲ್ಲಿ ಗೊತ್ತಾಗೋದು ಬೇಡ" ಅಂದರು. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲೋದಿಲ್ಲ ಅಂತ ಊರಿಗೇ ಗೊತ್ತು. ಆದರೂ ಆ ಮಾತನ್ನು ಉಳಿಸಿಕೊಂಡೆ. ಕೆಲಸಕ್ಕೇನೂ ಕುಂದು ಬರಲಿಲ್ಲ, ಯಾಕೆಂದರೆ ಅವರು ಕೊಯ್ಯುತ್ತಿದ್ದದ್ದು ಕಣ್ಣಿನಿಂದ ಅಲ್ಲವೇ ಅಲ್ಲ. ಎಡಗೈ ಹೆಬ್ಬೆರಳು ಕಡ್ಡಿಯ ಮೇಲೆ ಜಾರುತ್ತೆ, ಗೆಣ್ಣು ಸಿಗುತ್ತೆ, ಗೆಣ್ಣಿನ ಮೇಲಿನ ಮೊಗ್ಗು ಸಿಗುತ್ತೆ, ಚಾಕು ಒಂದೇ ಎಳೆತಕ್ಕೆ ಇಳಿಯುತ್ತೆ. ಆ ಹೊತ್ತಿಗೆ ಕಣ್ಣು ಎಲ್ಲೋ ಬಾಗಿಲ ಕಡೆ ಇರುತ್ತಿತ್ತು.

ಆಸ್ಪತ್ರೆಯೊಂದರ ತೋಟಕ್ಕೆ ಮುನ್ನೂರು ಅಂಜೂರದ ಗಿಡ ಬೇಕು ಅಂತ ಆರ್ಡರು ಬಂದಿತ್ತು. ಅತ್ತಿಗೆ ಬೆಳಿಗ್ಗೆಯೇ ಎರಡು ಟ್ರೇಗೆ ಕೊಯ್ದು, ಮೂರನೆಯದಕ್ಕೂ ಮೊದಲೇ ಕೆಂಪು ಚುಕ್ಕೆ ಇಟ್ಟು, ಮಧ್ಯಾಹ್ನ ಕಣ್ಣು ತೋರಿಸೋಕೆ ಹೋದರು. ಮನೆ ಕೆಲಸ ಅಂತ ಹೇಳಿ ಹೋಗಿದ್ದರು. ನರ್ಸರಿ ಯಜಮಾನರು ಕೇಳುವುದರೊಳಗೆ ಆ ಮೂರನೇ ಟ್ರೇ ಮುಗಿಸಿಬಿಡೋಣ, ಅತ್ತಿಗೆ ಇಲ್ಲದ್ದು ಎದ್ದು ಕಾಣಬಾರದು ಅಂತ ನಾನು ಅವರ ಸ್ಟೂಲಿನ ಮೇಲೆ ಕೂತೆ. ಉದ್ದೇಶ ಒಳ್ಳೆಯದೇ. ಆದರೆ ಅವತ್ತು ಟ್ರೇ ತುಂಬುವಾಕೆಗೂ ನನಗೂ ಫ್ಯಾನಿನ ವಿಷಯಕ್ಕೆ ಜಗಳ ಹತ್ತಿತ್ತು. ಅವಳಿಗೆ ಗಾಳಿ ಬೇಕು, ನನಗೆ ಮಣ್ಣಿನ ಧೂಳು ಮೂಗಿಗೆ ಬರುತ್ತೆ. ಅವಳು ಒಂದು ಅಂದರೆ ನಾನು ಎರಡು ಅಂತೀನಿ. ನೆನೆಸಿದ ರೆಂಬೆಗಳ ಕಟ್ಟು ಯಾವಾಗಲೂ ಬುಡ ಬಲಗಡೆಗೆ ಇರುವ ಹಾಗೆ ಮೇಜಿನ ಮೇಲೆ ಇರುತ್ತೆ. ಅದರ ನೀರು ನನ್ನ ಸೀರೆ ಮೇಲೆ ತೊಟ್ಟಿಕ್ಕುತ್ತಿತ್ತು. ಸಿಟ್ಟಿನಲ್ಲಿ ಕಟ್ಟನ್ನು ಹಿಂದುಮುಂದು ತಿರುಗಿಸಿಟ್ಟೆ. ಕೈ ಮಾತ್ರ ರೂಢಿಯಂತೆ ಬಲತುದಿಯನ್ನೇ ಓರೆ ಕೊಯ್ಯುತ್ತಾ ಹೋಯ್ತು. ಮೊಗ್ಗು ನೋಡಿದ್ದರೆ ತಿಳೀತಿತ್ತು. ನೋಡಿದರೆ ತಾನೇ. ನನಗೆ ಎರಡು ಕಣ್ಣೂ ನೆಟ್ಟಗಿವೆ, ಅವೆರಡೂ ಅವಳ ಮೇಲಿದ್ದವು. ಹೀಗೆ ನೂರು ಕಡ್ಡಿ.

ಮಾರನೇ ದಿನಕ್ಕೆ ನಮ್ಮಿಬ್ಬರಿಗೂ ಜಗಳವೂ ಮರೆತುಹೋಯ್ತು, ಟ್ರೇಯೂ ಮರೆತುಹೋಯ್ತು. ಮೂರನೇ ಟ್ರೇ ನಾನು ಕೊಯ್ದೆ ಅಂತ ಅತ್ತಿಗೆಗೆ ಹೇಳೋದೂ ಮರೆತೆ. ದಿನಾ ಮೂರ್ನಾಲ್ಕು ಟ್ರೇ ಕೊಯ್ಯುವ ಅವರಿಗೆ ಯಾವ ದಿನ ಎಷ್ಟು ಅನ್ನೋ ಲೆಕ್ಕ ಇರೋದಿಲ್ಲ, ಕೆಂಪು ಚುಕ್ಕೆ ಇದ್ದರೆ ಅದು ತಮ್ಮದೇ. ದಿನಕ್ಕೆ ಸಾವಿರ ಮಾತಾಡುವ ನಾನು ಹೇಳಬೇಕಾದ ಆ ಒಂದನ್ನು ಬಿಟ್ಟೆ.

ನಾಲ್ಕು ವಾರ ಕಳೆದು ಗುಡಾರ ತೆರೆದರು. ಎರಡು ಟ್ರೇ ಚಿಗುರಿ ನಿಂತಿದ್ದವು. ಮೂರನೆಯದರಲ್ಲಿ ಕಡ್ಡಿಗಳ ಮೇಲ್ತುದಿಯಲ್ಲಿ, ಗಾಳಿಯಲ್ಲಿ, ಮುದುಕರ ಗಡ್ಡದ ಹಾಗೆ ಬೆಳ್ಳಗೆ ಬೇರು. ಆ ಹನಿ ಮಂಜನ್ನೇ ಕುಡಿದುಕೊಂಡು ಆಕಾಶಕ್ಕೆ ಬೇರು ಬಿಟ್ಟುಬಿಟ್ಟಿದ್ದವು. ಟ್ರೇ ತುಂಬುವಾಕೆ ಮೊದಲು ನಕ್ಕಳು, ಉಳಿದವರೂ ನಕ್ಕರು. ಅತ್ತಿಗೆ ನಡುವೆ ನಿಂತು, "ಏನಾಯ್ತು? ಯಾಕೆ ನಗ್ತಿದ್ದೀರಾ?" ಅಂತ ಕೇಳಿದರು. ಎರಡಡಿ ದೂರದಲ್ಲಿರುವ ಬೇರು ಅವರಿಗೆ ಕಾಣುತ್ತಿರಲಿಲ್ಲ. ಆಗ ಎಲ್ಲರ ನಗು ನಿಂತಿತು.

ಯಜಮಾನರು ಒಂದು ಕಡ್ಡಿ ಎಳೆದರು. ಮಣ್ಣಿನೊಳಗೆ ಓರೆ ತುದಿ, ಬೋಳು. ಟ್ರೇ ಮೂಲೆ ನೋಡಿದರು. ಕೆಂಪು ಚುಕ್ಕೆ. ಕೆಟ್ಟವರಲ್ಲ ಅವರು. ಮೆಲ್ಲಗೆ ಕೇಳಿದರು, "ಬೇರಮ್ಮ, ಕಣ್ಣು ಸರಿಯಾಗಿ ಕಾಣಿಸ್ತಿಲ್ಲ ಅಲ್ವಾ?"

ಅತ್ತಿಗೆ ತಲೆ ತಗ್ಗಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತಾರಲ್ಲ, ಅದು ನನ್ನ ಕಣ್ಣೆದುರೇ ನಡೀತು. ಜ್ವರ ನನ್ನದು. ನನಗೆ ಆ ಮಧ್ಯಾಹ್ನ, ಆ ಸೀರೆಯ ಒದ್ದೆ, ತಿರುಗಿಸಿಟ್ಟ ಆ ಕಟ್ಟು, ಎಲ್ಲ ಒಟ್ಟಿಗೆ ನೆನಪಾಯ್ತು. ನಾನು ಕೊಯ್ದದ್ದು ಅಂತ ಎರಡೇ ಮಾತು. ನಾಲಿಗೆ ತುದಿಗೆ ಬಂದು ನಿಂತಿತು, ಆಚೆ ಬರಲಿಲ್ಲ. ಎಲ್ಲರೂ ನಗುತ್ತಾರೆ ಅಂತಲೋ, ಟ್ರೇ ತುಂಬುವಾಕೆ ಎದುರು ಸೋಲುತ್ತೀನಿ ಅಂತಲೋ, ಏನೋ ಒಂದು ದರಿದ್ರ ಕಾರಣ. ರೇಡಿಯೋ ಕೆಟ್ಟುಹೋಯ್ತು, ಅದೂ ಮಾತಾಡಲೇಬೇಕಾದ ದಿನವೇ.

ಯಜಮಾನರು, ತಿಂಗಳು ಮುಗಿಯಲಿ, ಆಮೇಲೆ ಬೇರಮ್ಮ ಮುಂದುಗಡೆ ಕುಂಡಗಳಿಗೆ ನೀರು ಹಾಕಿಕೊಂಡಿರಲಿ ಅಂದರು. ಅತ್ತಿಗೆ, "ಬೇಡಿ, ಮನೆಯಲ್ಲಿ ಇರ್ತೀನಿ" ಅಂದರು. ಆ ಟ್ರೇ ಎಸೆಯುವ ಕೆಲಸ ನನಗೇ ಬಂತು. ಎಸೆಯೋಕೆ ಮನಸ್ಸು ಬರಲಿಲ್ಲ. ಶೆಡ್ಡಿನ ಹಿಂದೆ ಒದ್ದೆ ಗೋಣಿಚೀಲ ಮುಚ್ಚಿ ಇಟ್ಟು ಬಂದೆ. ಒಂದು ಕಡ್ಡಿಯನ್ನು ಮಾತ್ರ ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿ ಹಾಕಿಕೊಂಡೆ. ಯಾಕೆ ಅಂತ ಕೇಳಬೇಡಿ, ನನಗೇ ಗೊತ್ತಿಲ್ಲ.

ಅತ್ತಿಗೆ ಅತ್ತಿದ್ದರೆ, ಬೈದಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ಅವರು ಹಾಗೇನೂ ಮಾಡಲಿಲ್ಲ. ಮನೆಗೆ ಬಂದು ಕಿಟಕಿಯ ಲೋಟಗಳನ್ನೆಲ್ಲ ಒಂದೊಂದಾಗಿ ಖಾಲಿ ಮಾಡಿ, ತೊಳೆದು, ಅಡುಗೆಮನೆಯಲ್ಲಿ ಬೋರಲು ಹಾಕಿದರು. ನಾನು ಮದುವೆಯಾಗಿ ಬಂದ ಹದಿನೈದು ವರ್ಷದಲ್ಲಿ ಮೊದಲ ಸಲ ನಮ್ಮ ಮನೆಯಲ್ಲಿ ಎಲ್ಲರಿಗೂ ಲೋಟ ಸಿಕ್ಕಿತು. ನನ್ನ ಗಂಡ ಆ ಲೋಟಗಳ ಸಾಲನ್ನು ನೋಡಿ, "ಅಕ್ಕನಿಗೆ ಏನಾಗಿದೆ? ನಿನಗೇನಾದರೂ ಗೊತ್ತಾ?" ಅಂತ ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, "ನನ್ನನ್ನೇನು ಕೇಳ್ತೀರಿ" ಅಂತ ಅವರ ಮೇಲೇ ಹಾರಿಬಿದ್ದೆ. ಐದು ದಿನ ಹೀಗೇ ಹೋಯ್ತು. ಅತ್ತಿಗೆ ಟೀ ಕುಡಿಯುವಾಗ ತಮ್ಮ ಹೆಬ್ಬೆರಳನ್ನೇ ಸವರಿಕೊಳ್ಳುತ್ತಿದ್ದರು.

ಭಾನುವಾರ ಬೆಳಿಗ್ಗೆ ನಾನು ಪಾತ್ರೆ ತೊಳೆಯುತ್ತಿದ್ದೆ. ಅತ್ತಿಗೆ ಬಂದು ಪಕ್ಕದಲ್ಲಿ ನಿಂತರು. ಕೈಯಲ್ಲಿ ಅವರ ಚಾಕು. ಮೂವತ್ನಾಲ್ಕು ವರ್ಷ ಸಾಣೆ ಹಿಡಿದು ಹಿಡಿದು ಅಲಗು ಬೆರಳಷ್ಟು ಸಣ್ಣ ಆಗಿದೆ, ಹಿಡಿಯ ಮರದಲ್ಲಿ ಹೆಬ್ಬೆರಳು ಕೂರುವಷ್ಟು ಗುಳಿ ಬಿದ್ದಿದೆ. ಅದನ್ನು ಯಾರಿಗೂ ಮುಟ್ಟೋಕೆ ಬಿಟ್ಟವರಲ್ಲ.

"ತಗೋ. ಇನ್ನು ಇದು ನಿನ್ನದು" ಅಂದರು. "ಕಣ್ಣು ಹೋದರೆ ಹೋಗಲಿ, ಕೈ ಇದೆ ಅಂದುಕೊಂಡಿದ್ದೆ. ಕೈಯೇ ಸುಳ್ಳು ಹೇಳಿದ ಮೇಲೆ ಇದನ್ನು ಇಟ್ಟುಕೊಂಡು ಏನು ಮಾಡಲಿ? ನಿನಗೆ ಕಲಿಸಿದ್ದೀನಿ, ನೀನು ಚೆನ್ನಾಗಿ ನೋಡಿಕೋ."

ನನ್ನ ಕೈಯಲ್ಲಿದ್ದ ತಟ್ಟೆ ಸಿಂಕಿಗೆ ಜಾರಿತು. ಆ ಚಾಕುವನ್ನು ಮುಟ್ಟಿದ್ದರೆ ನನ್ನ ಕೈ ಸೇದಿಹೋಗಬೇಕಿತ್ತು. "ಅತ್ತಿಗೆ, ಅದು ನಿಮ್ಮ ಕೈಯಲ್ಲ, ನನ್ನದು" ಅಂದೆ. ಫ್ಯಾನು, ಜಗಳ, ಸೀರೆ, ಕಟ್ಟು ತಿರುಗಿಸಿದ್ದು, ಎಲ್ಲರೆದುರು ಬಾಯಿ ಮುಚ್ಚಿಕೊಂಡು ನಿಂತದ್ದು, ಎಲ್ಲ ಹೇಳಿದೆ. ಅಳುತ್ತಲೇ ಹೇಳಿದೆ.

ಅತ್ತಿಗೆ ಕೇಳಿದ್ದು ಒಂದೇ. "ಆ ಕಡ್ಡಿ ಯಾವುದಾದರೂ ಉಳಿದಿದೆಯಾ?"

ಚೀಲದಿಂದ ತೆಗೆದು ಕೊಟ್ಟೆ. ಅವರು ಕಿಟಕಿಯ ಕಡೆ ಮುಖ ಮಾಡಿ, ಓರೆ ಕೊಯ್ದ ಜಾಗದ ಮೇಲೆ ಹೆಬ್ಬೆರಳು ಎಳೆದರು. ಒಂದು ಸಲ, ಮತ್ತೊಂದು ಸಲ. ಅವರ ಭುಜ ಕೆಳಗೆ ಇಳಿದದ್ದು ನನಗೆ ಕಾಣಿಸಿತು.

"ಎರಡು ಸಲ ಎಳೆದಿದ್ದೀಯ. ನಡುವೆ ಮೆಟ್ಟಿಲು ನಿಂತಿದೆ. ಹನ್ನೊಂದು ವರ್ಷದಿಂದ ಬಡ್ಕೋತಿದ್ದೀನಿ, ಒಂದೇ ಎಳೆತ ಅಂತ" ಅಂದರು. ಆಮೇಲೆ ಕಡ್ಡಿಯನ್ನು ಕಿಟಕಿಯಲ್ಲಿಟ್ಟು ತಮ್ಮ ಹೆಬ್ಬೆರಳು ಸವರಿಕೊಂಡರು. "ಐದು ದಿನ ನನ್ನ ಕೈಯನ್ನು ನಾನೇ ನಂಬಲಿಲ್ಲವಲ್ಲೇ. ಒಂದು ಸಲ ಮುಟ್ಟಿ ನೋಡಿದ್ದರೂ ಸಾಕಾಗಿತ್ತು."

"ತಪ್ಪಾಯ್ತು ಅತ್ತಿಗೆ, ಹೊಟ್ಟೆಗೆ ಹಾಕಿಕೊಳ್ಳಿ" ಅಂದೆ.

"ಇಲ್ಲಿ ಹೇಳಿದರೆ ಏನು ಬಂತು? ಎಲ್ಲಿ ಬಾಯಿ ಮುಚ್ಚಿಕೊಂಡಿದ್ದೆಯೋ ಅಲ್ಲಿ ತೆಗಿ" ಅಂದರು. ಚಾಕುವನ್ನು ಸೆರಗಿನಲ್ಲಿ ಒರೆಸಿಕೊಂಡು ತಮ್ಮ ಕೋಣೆಗೆ ಹೋದರು. ಅಲ್ಲಿಂದ ನನ್ನ ಜೊತೆ ಮಾತು ಬಿಟ್ಟರು.

ಸೋಮವಾರ ಅತ್ತಿಗೆಯೂ ಬಂದರು, ಶೆಡ್ಡಿನಲ್ಲಿ ಎಲ್ಲರೆದುರು ಹೇಳಿದೆ. ನಗುತ್ತಾರೆ ಅಂತ ಹೆದರಿದ್ದೆನಲ್ಲ, ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿ ಇತ್ತು. ಟ್ರೇ ತುಂಬುವಾಕೆ ಎದ್ದು ಹೋಗಿ ಫ್ಯಾನು ಆರಿಸಿದಳು. ಯಜಮಾನರು ನನ್ನ ಕಡೆ ನೋಡಲೇ ಇಲ್ಲ, ಅತ್ತಿಗೆಯನ್ನು ನೋಡಿದರು.

"ಕಣ್ಣು ಹೋಗ್ತಾ ಇರೋದು ನಿಜ" ಅಂದರು ಅತ್ತಿಗೆ. "ಮುಚ್ಚಿಟ್ಟದ್ದು ನನ್ನ ತಪ್ಪು. ಕೈ ಹೋಗಿದೆಯಾ ಇಲ್ಲವಾ ಅಂತ ನೀವೇ ನೋಡಿ."

"ಸರಿ, ನಾಲ್ಕು ಕಡ್ಡಿ ಕೊಯ್ದು ತೋರಿಸಿ" ಅಂದರು ಯಜಮಾನರು.

"ಕೊಯ್ದದ್ದನ್ನು ಏನು ನೋಡ್ತೀರಿ? ಬೇರನ್ನು ನೋಡಿ. ಒಂದು ಟ್ರೇ ಕೊಡಿ, ನಾಲ್ಕು ವಾರ ಕೊಡಿ. ಬರಲಿಲ್ಲ ಅಂದರೆ ನಾನೇ ಮನೆಗೆ ಹೋಗ್ತೀನಿ." ಯಜಮಾನರು ಸ್ವಲ್ಪ ಯೋಚಿಸಿ ಒಪ್ಪಿಕೊಂಡರು.

ಅವತ್ತೇ ಅತ್ತಿಗೆ ನೂರು ಕೊಯ್ದು ಕೆಂಪು ಚುಕ್ಕೆ ಇಟ್ಟರು. ಆಮೇಲೆ ನನಗೆ ಕೈಸನ್ನೆಯಲ್ಲೇ ಆ ತಲೆಕೆಳಗಾದ ಟ್ರೇ ತರೋಕೆ ಹೇಳಿದರು. ಅದನ್ನು ನಾನು ಎಸೆದಿಲ್ಲ ಅಂತ ಅವರಿಗೆ ಹೇಗೆ ತಿಳೀತೋ. ಗಡ್ಡದ ಹಾಗಿದ್ದ ಬೇರು ಅಲ್ಲಲ್ಲಿ ಒಣಗಿತ್ತು. ಒಂದೊಂದನ್ನೂ ಮಣ್ಣಿನಿಂದ ಬಿಡಿಸಿ, ಬೆರಳಲ್ಲೇ ಜೀವ ಇದೆಯಾ ಅಂತ ನೋಡಿ, ಬೇರು ಕೆಳಗೆ ಬರುವ ಹಾಗೆ ತಿರುಗಿಸಿ ನನ್ನ ಕೈಗೆ ಕೊಟ್ಟರು. ನಾನು ಮಣ್ಣು ತುಂಬಿದೆ. ಕೊನೆಗೆ ಟ್ರೇ ಮೂಲೆಯ ಕೆಂಪು ಚುಕ್ಕೆಯನ್ನು ಉಗುರಿನಿಂದ ಕೆರೆದು, ನೀಲಿ ಡಬ್ಬಿಯನ್ನು ನನ್ನ ಕಡೆ ತಳ್ಳಿದರು. ಅದೂ ಗುಡಾರದೊಳಗೆ ಹೋಯ್ತು.

ಆ ನಾಲ್ಕು ವಾರ ನಾನು ಹೇಗೆ ಕಳೆದೆ ಅಂತ ನನಗೇ ಗೊತ್ತು. ಬೇರು ಬರದಿದ್ದರೆ ಅತ್ತಿಗೆ ಮನೆಯಲ್ಲಿ ಬೋರಲು ಹಾಕಿದ ಲೋಟಗಳ ಎದುರು ಕೂರಬೇಕು, ಅದಕ್ಕೆ ನಾನೇ ಕಾರಣ. ಗುಡಾರದ ಮುಂದೆ ಹಾದುಹೋಗುವಾಗಲೆಲ್ಲ ಒಂದೇ ಒಂದು ಕಡ್ಡಿ ಕಿತ್ತು ನೋಡಿಬಿಡೋಣ ಅಂತ ಕೈ ತುರಿಸುತ್ತಿತ್ತು. ಒಂದು ದಿನ ಪ್ಲಾಸ್ಟಿಕ್ಕಿನ ಅಂಚು ಎತ್ತಿಯೂಬಿಟ್ಟೆ. ಹಕ್ಕಳೆ ಕೀಳ್ತೀಯಾ ಅಂತ ಅತ್ತಿಗೆ ಅಂದಿದ್ದು ಕಿವಿಯಲ್ಲಿ ಕೇಳಿಸಿತು. ಮತ್ತೆ ಮುಚ್ಚಿ ಬಂದೆ. ಹನ್ನೊಂದು ವರ್ಷದಲ್ಲಿ ಕೈ ತುರಿಸಿದರೂ ನಾನು ಕೀಳದೆ ಬಂದದ್ದು ಅದೇ ಮೊದಲು.

ತೆರೆದ ದಿನ ಯಜಮಾನರು ಕೆಂಪು ಚುಕ್ಕೆಯ ಟ್ರೇಯನ್ನು ತಲೆಯೆತ್ತರಕ್ಕೆ ಎತ್ತಿ ಹಿಡಿದರು. ತಳದ ತೂತುಗಳಿಂದೆಲ್ಲ ಬಿಳಿ ಬೇರು ಇಳಿಬಿದ್ದಿತ್ತು. ಎಣಿಸಿದರು, ತೊಂಬತ್ತೇಳು. "ಇನ್ನು ಮೂರು?" ಅಂದರು ತಮಾಷೆಗೆ. "ಅವು ಯಾರ ಮಾತೂ ಕೇಳೋದಿಲ್ಲ, ನಮ್ಮ ರೇಡಿಯೋ ಹಾಗೆ" ಅಂದರು ಅತ್ತಿಗೆ. ನಾಲ್ಕು ವಾರದ ಮೇಲೆ ಅವರ ಬಾಯಲ್ಲಿ ಬಂದ ನನ್ನ ಸುದ್ದಿ ಅದು. ನಾನು ಅಲ್ಲೇ ನಿಂತು ಅತ್ತೆ, ನಾಚಿಕೆ ಬಿಟ್ಟು. ನೀಲಿ ಚುಕ್ಕೆಯದರಲ್ಲಿ ಅರವತ್ತೆರಡು ಬದುಕಿದ್ದವು. ಅವೂ ಆಸ್ಪತ್ರೆಯ ತೋಟಕ್ಕೇ ಹೋದವು.

ಈಗ ಅತ್ತಿಗೆಗೆ ನನ್ನ ಮುಖ ಪೂರ್ತಿ ಕಾಣೋದಿಲ್ಲ, ದನಿಯಿಂದ ಗುರುತು ಹಿಡೀತಾರೆ. ಅದಕ್ಕೇನೂ ಕಷ್ಟ ಇಲ್ಲ, ನಾನು ಸುಮ್ಮನಿದ್ದರೆ ತಾನೇ. ದಿನಾ ನನ್ನ ತೋಳು ಹಿಡಿದು ಶೆಡ್ಡಿಗೆ ಬರುತ್ತಾರೆ, ಅದೇ ಸ್ಟೂಲಿನ ಮೇಲೆ ಕೂರುತ್ತಾರೆ. ಮನೆಯಲ್ಲಿ ಮತ್ತೆ ಒಂದು ಲೋಟವೂ ಸಿಗುತ್ತಿಲ್ಲ. ಸಂಜೆ ಹೊರಡುವ ಮುಂಚೆ ನಾನು ಕೊಯ್ದ ಕಡ್ಡಿಗಳ ಮೇಲೆ ಅವರು ಹೆಬ್ಬೆರಳು ಆಡಿಸುತ್ತಾರೆ. ಮೆಟ್ಟಿಲು ಸಿಕ್ಕಿದರೆ ಪಕ್ಕಕ್ಕಿಡುತ್ತಾರೆ, ನಾನು ಮತ್ತೆ ಕೊಯ್ಯುತ್ತೇನೆ. ಚಾಕುವನ್ನು ಮಾತ್ರ ನನಗೆ ಆಮೇಲೆ ಯಾವತ್ತೂ ಕೊಡಲಿಲ್ಲ. ಕೊಡೋದು ಬೇಡ ಅಂತಲೇ ನಾನೂ ದಿನಾ ಬೇಡಿಕೊಳ್ಳುತ್ತೇನೆ.